ಬೀಗರ ಕಮಿಷನ್

ಹೆಂಡತಿ: ನೀವು ಕೇಳ್ತೀರೋ, ನಾನೇ ಕೇಳಲೋ?

ಯಜಮಾನ: ಯಾರೂ ಕೇಳೋದು ಬೇಡ. ಬೀಗರನ್ನ ಯಾರಾದರೂ ಅಂಥ ಮಾತು ಕೇಳ್ತಾರಾ?

ಹೆಂಡತಿ: ಎಂಥ ಮಾತು? ‘ನಮ್ಮ ವಿಮೆಯಲ್ಲಿ ನಿಮಗೆಷ್ಟು ಸಿಗುತ್ತೆ’ ಅಂತ ತಾನೇ? ‘ನಿಮ್ಮ ವಂಶದಲ್ಲಿ ಹುಚ್ಚು ಯಾರಿಗಿತ್ತು’ ಅಂತ ಅಲ್ಲವಲ್ಲ.

ಯಜಮಾನ: ಅದನ್ನಾದರೂ ಕೇಳಬಹುದು. ನಗ್ತಾ ಹೇಳ್ತಾರೆ. ದುಡ್ಡಿನ ಮಾತು ಕೇಳಿದರೆ ನಗಲ್ಲ.

ಈ ಜಗಳ ಬೆಳಗ್ಗೆ ಮನೆಯಲ್ಲಿ ಹಲ್ಲುಜ್ಜುವಾಗ ಶುರುವಾದದ್ದು. ಲಾಂಡ್ರಿಯ ಬಾಗಿಲು ತೆಗೆದು ಬಾಯ್ಲರ್ ಬಿಸಿಯಾಗುವ ಹೊತ್ತಿಗೆ ಅದೂ ಹದವಾಗಿ ಬಿಸಿಯಾಗಿತ್ತು. ಹೆಂಡತಿ ಉದ್ದನೆಯ ಮೇಜಿನ ಮುಂದೆ ನಿಂತು ಯಾರದ್ದೋ ಅಂಗಿಯ ಕಾಲರಿನ ಮೇಲೆ ಇಸ್ತ್ರಿಪೆಟ್ಟಿಗೆ ಒತ್ತುತ್ತಿದ್ದಳು. ಒತ್ತುವ ರೀತಿ ನೋಡಿದರೆ ಅಂಗಿಯೊಳಗೆ ಗಂಡನೇ ಇದ್ದಂತಿತ್ತು. ಯಜಮಾನ ಮಾತ್ರ ಡಬ್ಬಿಯಲ್ಲಿ ಒಂದು ಕೋಟಿಗೆ ಹೊಂದುವ ಗುಂಡಿ ಹುಡುಕುತ್ತಿದ್ದ. ಆ ಗುಂಡಿ ಅವನಿಗೆ ಆಗಲೇ ಸಿಕ್ಕಿತ್ತು. ಸಿಕ್ಕಿತು ಅಂದರೆ ತಲೆ ಎತ್ತಬೇಕಾಗುತ್ತದಲ್ಲ, ಅದಕ್ಕೆ ಹುಡುಕುತ್ತಲೇ ಇದ್ದ.

ವಿಷಯ ಇಷ್ಟೇ. ಲಾಂಡ್ರಿಯ ಬೆಂಕಿ ವಿಮೆ ಇವತ್ತು ಸಂಜೆಗೆ ಮುಗಿಯುತ್ತದೆ. ವಿಮೆ ಇಲ್ಲದೆ ಬಾಯ್ಲರ್ ಹಚ್ಚಕೂಡದು, ಹಚ್ಚಿದರೆ ಮಾರನೇ ದಿನ ಅಂಗಡಿ ಖಾಲಿ ಮಾಡಬೇಕು ಎಂದು ಕಟ್ಟಡದ ಮಾಲೀಕ ಮೊದಲ ದಿನವೇ ಹೇಳಿದ್ದ. ನಿನ್ನೆ ಬ್ರೋಕರ್ ಫೋನ್ ಮಾಡಿ, ಈ ಸಲ ಪ್ರೀಮಿಯಂ ಮೂರನೇ ಒಂದು ಪಾಲು ಏರಿದೆ, ತನಗೂ ತುಂಬಾ ಬೇಜಾರಾಗಿದೆ, ಆದರೆ ಕಂಪನಿಯವರು ಮಾಡಿದ್ದಕ್ಕೆ ತಾನೇನು ಮಾಡಲಿ ಎಂದಿದ್ದರು. ಬೇರೆ ಯಾರಾದರೂ ಬ್ರೋಕರ್ ಆಗಿದ್ದರೆ ಯಜಮಾನ ಅಲ್ಲೇ ನಾಲ್ಕು ಮಾತು ಬಿಗಿದು ಫೋನ್ ಇಡುತ್ತಿದ್ದ. ಆದರೆ ಈ ಬ್ರೋಕರ್ ಅವನ ಮಗಳ ಮಾವ. ಬೀಗರು.

ಅದೂ ಬರೀ ಬೀಗರಾಗಿದ್ದರೆ ಚಿಂತೆಯಿರಲಿಲ್ಲ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂದು ಹಿರಿಯರು ಹೇಳಿದ್ದಾರೆ. ಈ ಯಜಮಾನ ಅಷ್ಟು ಶ್ರಮಪಡದೆ ಒಂದರಲ್ಲೇ ಮುಗಿಸಿದ್ದ. ಸಂಬಂಧ ಕುದುರಿಸಿದ ದಲ್ಲಾಳಿ ಗಂಡಿನ ಮನೆಯಲ್ಲಿ ಕೂತು, ಹುಡುಗಿಯ ಅಪ್ಪನದು ದೊಡ್ಡ ಬಟ್ಟೆ ಅಂಗಡಿ, ರೇಷ್ಮೆ, ಉಣ್ಣೆ, ಸೂಟಿನ ಬಟ್ಟೆ, ಎಲ್ಲಾ ರಾಶಿ ರಾಶಿ ಎಂದಾಗ ಇವನು ಅಲ್ಲೇ ಇದ್ದ, ಬಾಯಿ ಬಿಡಲಿಲ್ಲ. ಮದುವೆ ಮುಗಿದ ಮೇಲೆ ಬೀಗರು ಸಂಬಂಧದ ಸಲುಗೆಯಿಂದ, ನಿಮ್ಮ ಅಂಗಡಿಗೆ ನಾನೇ ವಿಮೆ ಮಾಡಿಸಿಕೊಡ್ತೀನಿ ಎಂದು ಇಲ್ಲಿಗೆ ಬಂದರು. ಬಂದವರು ಬಾಯ್ಲರ್ ನೋಡಿದರು, ಮೆಷಿನ್ ನೋಡಿದರು, ಯಾರದ್ದೋ ಪ್ಯಾಂಟಿನ ಮಂಡಿಯ ಕಲೆ ಉಜ್ಜುತ್ತಿದ್ದ ಬೀಗನನ್ನು ನೋಡಿದರು. ಗಂಟಲು ಸರಿಮಾಡಿಕೊಂಡು, ಅಂಗಡಿ ಚೆನ್ನಾಗಿದೆ ಎಂದರು. ಅಷ್ಟೇ. ಅಂದಿನಿಂದ ಇಬ್ಬರ ನಡುವೆ ‘ಲಾಂಡ್ರಿ’ ಅನ್ನುವ ಪದ ಬಂದಿಲ್ಲ. ಬೀಗರು ತಮ್ಮ ಹೆಂಡತಿಗೂ ಹೇಳಿಲ್ಲ ಎಂಬುದು ಯಜಮಾನನ ನಂಬಿಕೆ. ಆ ಬೀಗಿತ್ತಿಯೋ, ಮದುವೆಯಲ್ಲಿ ಪ್ರತಿ ತಟ್ಟೆಯನ್ನೂ ಬೆಳಕಿಗೆ ಹಿಡಿದು ನೋಡಿದಾಕೆ. ಸುಳ್ಳು ಹೇಳಿ ಹುಡುಗಿಯನ್ನು ಕೊಟ್ಟರು ಎಂದು ಗೊತ್ತಾದರೆ ಮಗಳನ್ನು ಬಿಟ್ಟಾಳೆಯೆ? ಪ್ರೀಮಿಯಂ ಏರಲಿ, ಇಳಿಯಲಿ, ಬೀಗರ ಮನಸ್ಸು ಮಾತ್ರ ಕದಡಬಾರದು. ಇದು ಯಜಮಾನನ ಅರ್ಥಶಾಸ್ತ್ರ.

ಹೆಂಡತಿ: ಸರಿ, ಅಭ್ಯಾಸ ಮಾಡಿ. ನಾನೇ ಬೀಗರು ಅಂದುಕೊಳ್ಳಿ.

ಅವಳು ಇಸ್ತ್ರಿಪೆಟ್ಟಿಗೆ ಆರಿಸಿ, ಗಿರಾಕಿಯೊಬ್ಬರ ಕರಿಕೋಟು ಹೆಗಲ ಮೇಲೆ ಎಳೆದುಕೊಂಡು, ಕುರ್ಚಿಯ ಮೇಲೆ ಕಾಲ ಮೇಲೆ ಕಾಲು ಹಾಕಿ ಕೂತು, ಗಂಟಲು ಸರಿಮಾಡಿಕೊಂಡಳು. ಯಜಮಾನನಿಗೆ ಎದ್ದು ನಿಲ್ಲಬೇಕು ಅನ್ನಿಸಿತು. ನಿಂತೇಬಿಟ್ಟ.

ಯಜಮಾನ: ಬೀಗರೇ, ಒಂದು ಮಾತು ಕೇಳಬೇಕಿತ್ತು.

ಹೆಂಡತಿ: ಕೇಳಿ ಕೇಳಿ. ನಮ್ಮ ನಮ್ಮಲ್ಲಿ ಸಂಕೋಚ ಯಾಕೆ?

ಯಜಮಾನ: ನಿಮ್ಮ ಆರೋಗ್ಯ ಹೇಗಿದೆ?

ಹೆಂಡತಿ: ರೀ.

ಯಜಮಾನ: ತಡಿ, ಇನ್ನೊಂದ್ಸಲ. ಬೀಗರೇ, ಪ್ರೀಮಿಯಂ ಏರಿದೆಯಲ್ಲ, ಅದರಲ್ಲಿ ನಿಮಗೆ ಏನಾದರೂ...

ಹೆಂಡತಿ: ನನಗೆ ಏನಾದರೂ?

ಯಜಮಾನ: ತೊಂದರೆ ಆಯ್ತಾ?

ಹೆಂಡತಿ ಕೋಟು ತೆಗೆದು ಹ್ಯಾಂಗರಿಗೆ ಹಾಕಿದಳು. ನಿಮ್ಮನ್ನು ನಂಬಿಕೊಂಡರೆ ಮುಂದಿನ ವರ್ಷ ಆ ಮನುಷ್ಯನ ಕ್ಷಮೆಯನ್ನೂ ಕೇಳಿ, ಮೇಲೆ ದುಡ್ಡನ್ನೂ ಕೊಟ್ಟು ಬರುತ್ತೀರಿ ಎಂದಳು. ಅಷ್ಟು ಹೊತ್ತಿಗೆ ಹೊರಗೆ ಸ್ಕೂಟರ್ ನಿಂತಿತು.

ಬೀಗರು ಒಳಗೆ ಬಂದರು. ಒಂದು ಕಂಕುಳಲ್ಲಿ ಫೈಲು, ಇನ್ನೊಂದು ಕೈಯಲ್ಲಿ ಕೊಳೆ ಅಂಗಿಗಳ ಚೀಲ. ಚೀಲವನ್ನು ಮೇಜಿನ ಕೊನೆಯಲ್ಲಿ, ಯಾರೋ ಮರೆತುಹೋದದ್ದು ಎಂಬಂತೆ ಇಟ್ಟರು. ಅದನ್ನು ಇಟ್ಟದ್ದನ್ನು ಅವರೂ ನೋಡಲಿಲ್ಲ, ಯಜಮಾನನೂ ನೋಡಲಿಲ್ಲ. ಇಷ್ಟು ವರ್ಷ ಹೀಗೇ ನಡೆದುಕೊಂಡು ಬಂದಿದೆ. ಕುಶಲ ವಿಚಾರಿಸಿದ್ದಾಯಿತು, ಮಗಳು ಚೆನ್ನಾಗಿದ್ದಾಳೆ ಎಂದು ಕೇಳಿದ್ದಾಯಿತು, ಮೊಮ್ಮಗನಿಗೆ ಹಲ್ಲು ಬರುತ್ತಿರುವ ಸುದ್ದಿಯೂ ಆಯಿತು. ಬೀಗರು ಫೈಲು ಬಿಚ್ಚಿ, ಸಹಿ ಹಾಕುವ ಜಾಗದಲ್ಲಿ ಬೆರಳಿಟ್ಟರು. ಯಜಮಾನ ಪೆನ್ನು ತೆಗೆದುಕೊಂಡ. ಬೀಗರ ಎದುರಿಗೆ ಕಾಗದ ಓದುವುದು ಅವರನ್ನು ನಂಬದ ಹಾಗೆ ಎಂದು ಅವನು ಯಾವತ್ತೂ ಓದಿದವನಲ್ಲ. ಹೆಂಡತಿ ಪೆನ್ನನ್ನು ಅವನ ಕೈಯಿಂದ ಮೆಲ್ಲಗೆ ತೆಗೆದು ತನ್ನ ತುರುಬಿಗೆ ಸಿಕ್ಕಿಸಿಕೊಂಡಳು.

ಹೆಂಡತಿ: ಬೀಗರೇ, ಪ್ರೀಮಿಯಂ ಯಾಕೆ ಏರಿತು?

ಬೀಗರು: ಕಾಲ ಕೆಟ್ಟಿದೆ ತಂಗಿ. ಎಲ್ಲೋ ಪ್ರವಾಹ, ಎಲ್ಲೋ ಕಾಡ್ಗಿಚ್ಚು. ವಿಮೆ ಕಂಪನಿಗಳೂ ಇನ್ನೊಂದು ದೊಡ್ಡ ಕಂಪನಿ ಹತ್ತಿರ ವಿಮೆ ಮಾಡಿಸಿಕೊಂಡಿರ್ತವೆ. ಅಲ್ಲಿ ಅವರು ಏರಿಸಿದರು, ಇಲ್ಲಿ ಇವರು ಏರಿಸಿದರು.

ಹೆಂಡತಿ: ಅಂದ್ರೆ ವಿಮೆ ಕಂಪನಿಗೂ ಭಯಾನಾ?

ಬೀಗರು: ಅವರಿಗಿರೋಷ್ಟು ಭಯ ಯಾರಿಗೂ ಇಲ್ಲ. ಭಯದಿಂದಲೇ ಅಷ್ಟೆತ್ತರದ ಕಟ್ಟಡ ಕಟ್ಟಿಕೊಂಡಿದ್ದಾರೆ.

ಹೆಂಡತಿ: ಎಲ್ಲೋ ಯಾರ ಮನೆಗೋ ನೀರು ನುಗ್ಗಿದರೆ ನಮ್ಮ ಬಾಯ್ಲರಿಗೆ ಯಾಕೆ ದಂಡ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯ್ತು.

ಬೀಗರು: ಮಾತು ನಿಜ. ಆದರೆ ಎಮ್ಮೆಗೆ ನಾನು ಬರೆ ಹಾಕ್ತಿಲ್ಲ ತಂಗಿ. ಸುದ್ದಿ ಮಾತ್ರ ತಂದೆ.

ಯಜಮಾನ ನಡುವೆ ಬಾಯಿ ಹಾಕಿ, ಬೀಗರು ಸರಿಯಾಗೇ ಹೇಳುತ್ತಿದ್ದಾರೆ, ಅವರೇನು ಮಾಡುತ್ತಾರೆ ಪಾಪ, ಕಾಫಿ ತರಿಸಲೇ ಎಂದ. ಹೆಂಡತಿ ಕುರ್ಚಿ ಎಳೆದುಕೊಂಡು ಬೀಗರ ಎದುರಿಗೇ ಕೂತಳು.

ಹೆಂಡತಿ: ನೀವು ಯಾರ ಕಡೆಯವರು ಬೀಗರೇ?

ಬೀಗರು: ಇದೇನು ಮಾತು? ನಿಮ್ಮ ಕಡೆ. ಬ್ರೋಕರ್ ಅಂದರೆ ಗಿರಾಕಿ ಕಡೆಯವನು. ಏಜೆಂಟ್ ಆದರೆ ಕಂಪನಿ ಕಡೆ. ಅದೇ ವ್ಯತ್ಯಾಸ.

ಹೆಂಡತಿ: ನಿಮಗೆ ದುಡ್ಡು ಕೊಡೋರು ಯಾರು?

ಬೀಗರು: ಕಂಪನಿ.

ಹೆಂಡತಿ: ಕಂಪನಿಗೆ ದುಡ್ಡು ಕೊಡೋರು?

ಬೀಗರು: ನೀವು.

ಹೆಂಡತಿ: ಅಂದ್ರೆ ನಾನು ಕೊಟ್ಟ ದುಡ್ಡು ಊರೆಲ್ಲಾ ಸುತ್ತಿ ನಿಮ್ಮ ಜೇಬಿಗೆ ಬರುತ್ತೆ, ನೀವು ನನ್ನ ಕಡೆ ಇದ್ದುಕೊಂಡು ಅವರ ಕೈಯಿಂದ ಇಸ್ಕೊಳ್ತೀರಿ.

ಬೀಗರು: ಸುತ್ತೋದರಿಂದ ದುಡ್ಡಿಗೆ ಏನೂ ಆಗಲ್ಲ ತಂಗಿ.

ಹೆಂಡತಿ: ಸವೆಯುತ್ತೆ. ಎಷ್ಟು ಸವೆಯುತ್ತೆ ಅಂತಾನೇ ನಾನು ಕೇಳ್ತಿರೋದು. ನಿಮಗೆ ಸಿಗೋದೆಷ್ಟು?

ಮಾತು ಬಿತ್ತು. ಯಜಮಾನ ಗುಂಡಿ ಡಬ್ಬಿಯನ್ನು ಮತ್ತೆ ತೆಗೆದ. ಈ ಬಾರಿ ಗುಂಡಿ ಹುಡುಕುವುದಕ್ಕೂ ಅಲ್ಲ. ಸುಮ್ಮನೆ ಎಣಿಸತೊಡಗಿದ. ಮಗಳ ಮುಖ ಕಣ್ಣ ಮುಂದೆ ಬಂತು. ಬೀಗರು ಕನ್ನಡಕ ತೆಗೆದು ಒರೆಸತೊಡಗಿದರು. ಕನ್ನಡಕ ಸ್ವಚ್ಛವಾಗೇ ಇತ್ತು.

ಬೀಗರು: ಏನೋ ಸ್ವಲ್ಪ. ಬಸ್ ಚಾರ್ಜಿಗೆ ಆಗುತ್ತೆ.

ಹೆಂಡತಿ: ಯಾವ ಊರಿನ ಬಸ್ಸು?

ಬೀಗರು: ತಂಗಿ, ಅದು ಹಾಗೆ ಹೇಳೋಕೆ ಬರಲ್ಲ. ಒಂದೊಂದು ಪಾಲಿಸಿಗೆ ಒಂದೊಂದು ತರಹ. ಇದ್ದ ಹಾಗೂ ಇರುತ್ತೆ, ಇಲ್ಲದ ಹಾಗೂ ಇರುತ್ತೆ.

ಹೆಂಡತಿ: ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತಾಡಬೇಡಿ. ಪ್ರೀಮಿಯಂ ಏರಿದರೆ ನಿಮ್ಮದೂ ಏರುತ್ತಾ ಇಲ್ವಾ?

ಬೀಗರು: ಲೆಕ್ಕ ಹಾಗೆ ಬರುತ್ತೆ. ನೂರಕ್ಕೆ ಇಷ್ಟು ಅಂತ ಇರೋದರಿಂದ, ನೂರು ಜಾಸ್ತಿಯಾದರೆ ಇಷ್ಟೂ ಜಾಸ್ತಿಯಾಗುತ್ತೆ. ನಾನೇನು ಮಾಡಲಿ?

ಹೆಂಡತಿ: ನಿನ್ನೆ ಫೋನಿನಲ್ಲಿ ‘ನನಗೂ ತುಂಬಾ ಬೇಜಾರಾಗಿದೆ’ ಅಂದಿರಿ.

ಬೀಗರು: ಬೇಜಾರಾಗಿದ್ದು ಸುಳ್ಳಲ್ಲ. ಬೇಜಾರು ಮಾಡಿಕೊಂಡ ಮೇಲೆ ಬಂದಿದ್ದು ಬೇಡ ಅನ್ನೋಕಾಗುತ್ತಾ?

ಬೇರೆ ಕಂಪನಿಗಳಲ್ಲಿ ಕೇಳಿ ನೋಡಿದಿರಾ ಎಂದು ಅವಳು ಕೇಳಿದಳು. ಎಲ್ಲ ಕಡೆ ವಿಚಾರಿಸಿದೆ ಎಂದರು ಬೀಗರು. ಯಾವ ಯಾವ ಕಂಪನಿ ಎಂದಾಗ, ಹೆಸರು ಬಾಯಿಗೆ ಬರುತ್ತಿಲ್ಲ ಎಂದರು. ಹೆಸರೇ ಬಾಯಿಗೆ ಬರದವರನ್ನು ಹೇಗೆ ವಿಚಾರಿಸಿದಿರಿ ಎಂದು ಕೇಳಿ, ಉತ್ತರಕ್ಕೆ ಕಾಯದೆ ಅವಳು ಸೊಂಟದಿಂದ ಫೋನ್ ತೆಗೆದಳು. ನಡುವೆ ಯಾರೂ ಬೇಡ, ನೇರವಾಗಿ ಕಂಪನಿಯವರನ್ನೇ ಕೇಳುತ್ತೇನೆ, ಬ್ರೋಕರಿಲ್ಲದೆ ಎಷ್ಟಾಗುತ್ತದೆ ಎಂದು ಗೊತ್ತಾಗಲಿ ಎಂದಳು. ಆಗ ಬೀಗರ ಮುಖ ಬಿಳಿಚಿಕೊಂಡದ್ದನ್ನು ಯಜಮಾನ ನೋಡಿದ. ಕಮಿಷನ್ ಹೋಗುತ್ತದೆ ಎಂದು ಇರಬೇಕು ಅಂದುಕೊಂಡ, ಪಾಪ ಅಂದುಕೊಂಡ.

ಬೀಗರು: ತಂಗಿ, ಫೋನ್ ಮಾತ್ರ ಬೇಡ. ನಾನೇ ಸ್ವಲ್ಪ ಬಿಟ್ಟುಕೊಡ್ತೀನಿ.

ಹೆಂಡತಿ: ಎಷ್ಟರಲ್ಲಿ ಎಷ್ಟು ಬಿಡ್ತೀರಿ ಅಂತ ಗೊತ್ತಾಗೋಕಾದರೂ ಫೋನ್ ಮಾಡಬೇಕಲ್ಲ.

ಫೋನಿನಲ್ಲಿ ಮೊದಲು ಸಂಗೀತ ಬಂತು. ಸಂಗೀತ ಮುಗಿದ ಮೇಲೆ, ನಿಮ್ಮ ಕರೆ ನಮಗೆ ತುಂಬಾ ಮುಖ್ಯ ಎಂದು ಯಾರೋ ಹೇಳಿ ಮತ್ತೆ ಸಂಗೀತ ಹಾಕಿದರು. ಕೊನೆಗೊಬ್ಬಳು ಹುಡುಗಿ ಸಿಕ್ಕಳು. ಹೆಂಡತಿ ಎಲ್ಲರಿಗೂ ಕೇಳಲಿ ಎಂದು ಫೋನನ್ನು ಮೇಜಿನ ಮೇಲಿಟ್ಟು, ಅಂಗಡಿಯ ವಿಳಾಸ ಹೇಳಿದಳು.

ಫೋನಿನ ಹುಡುಗಿ: ಮೇಡಂ, ಈ ವಿಳಾಸಕ್ಕೆ ನಮ್ಮಲ್ಲಿ ಈಗಾಗಲೇ ಒಂದು ಪಾಲಿಸಿ ಇದೆ. ಬಟ್ಟೆ ಅಂಗಡಿ.

ಹೆಂಡತಿ: ಬಟ್ಟೆ ಅಂಗಡಿ ಅಲ್ಲಮ್ಮ, ಲಾಂಡ್ರಿ.

ಫೋನಿನ ಹುಡುಗಿ: ಇಲ್ಲ ಮೇಡಂ, ಈ ವಿಳಾಸದಲ್ಲಿ ಲಾಂಡ್ರಿ ಇಲ್ಲ.

ಹೆಂಡತಿ: ನಾನು ಅದರೊಳಗೇ ಕೂತಿದ್ದೀನಿ.

ಫೋನಿನ ಹುಡುಗಿ: ಕಂಪ್ಯೂಟರಿನಲ್ಲಿ ಇಲ್ಲ ಮೇಡಂ.

ಹೆಂಡತಿ: ಕಂಪ್ಯೂಟರಿನಲ್ಲಿ ನಾನೂ ಇಲ್ಲ. ಹಾಗಂತ ಎದ್ದು ಹೋಗಲಾ?

ಹುಡುಗಿ ನಗಲಿಲ್ಲ, ಸಂಬಳದಲ್ಲಿ ಅದು ಸೇರಿರಲಿಲ್ಲ ಅಂತ ಕಾಣುತ್ತದೆ. ಬಟ್ಟೆ ಅಂಗಡಿ ಎಂದು ವಿಮೆ ಮಾಡಿಸಿದ ಜಾಗದಲ್ಲಿ ಬಾಯ್ಲರ್ ಇಟ್ಟು ಲಾಂಡ್ರಿ ನಡೆಸುತ್ತಿದ್ದರೆ, ಏನಾದರೂ ಆದಾಗ ಕಂಪನಿ ಒಂದು ಬಿಡಿಗಾಸೂ ಕೊಡುವುದಿಲ್ಲ, ಯಾವುದಕ್ಕೂ ನಿಮ್ಮ ಬ್ರೋಕರನ್ನು ಕೇಳಿಕೊಳ್ಳಿ ಎಂದು ಹೇಳಿ, ಇವತ್ತು ನಿಮ್ಮ ದಿನ ಶುಭವಾಗಿರಲಿ ಎಂದು ಹಾರೈಸಿ ಫೋನ್ ಇಟ್ಟಳು.

ಯಜಮಾನ ತಲೆ ಎತ್ತಿ ಹ್ಯಾಂಗರ್‌ಗಳ ಸಾಲು ನೋಡಿದ. ಡಾಕ್ಟರಮ್ಮನ ಬಿಳಿಕೋಟುಗಳು. ಬ್ಯಾಂಡಿನವರ ಜರಿಪಟ್ಟಿಯ ಕೆಂಪಂಗಿಗಳು. ಮೂಲೆಮನೆಯ ಮುದುಕಿ ತನ್ನ ಗಂಡನದು ಎಂದು ಪ್ರತಿ ವರ್ಷ ತಂದುಕೊಡುವ ಉಣ್ಣೆಯ ಕೋಟು. ಆ ಗಂಡ ತೀರಿಕೊಂಡು ಎಷ್ಟು ಕಾಲವಾಯಿತೋ. ಇಷ್ಟೂ ಜನ ತನ್ನನ್ನು ನಂಬಿ ಬಿಟ್ಟುಹೋದದ್ದು, ಒಂದು ಕಿಡಿ ಬಿದ್ದಿದ್ದರೆ ಬೂದಿ. ತಾನು ಪ್ರತಿ ವರ್ಷ ಪ್ರೀಮಿಯಂ ಕಟ್ಟಿ ನೆಮ್ಮದಿಯಾಗಿ ಗೊರಕೆ ಹೊಡೆದಿದ್ದೇನೆ ಎಂದು ಅವನಿಗೆ ಆಗ ಹೊಳೆಯಿತು. ಕುರ್ಚಿಯಲ್ಲಿ ಕುಸಿದು ಕೂತ. ಬೀಗರ ಮುಂದೆ ಅವನು ಕೂತದ್ದು ಅದೇ ಮೊದಲು.

ಯಜಮಾನ: ಯಾಕೆ ಬೀಗರೇ? ನೀವು ಕಣ್ಣಾರೆ ನೋಡಿದ್ದೀರಿ. ನಿಮ್ಮ ಅಂಗಿ ಇಲ್ಲೇ ಒಗೆಯೋದು.

ಬೀಗರು: ನೀವು ಬಟ್ಟೆ ಅಂಗಡಿ ಅಂತ ಹೇಳಿದ್ದಿರಿ.

ಯಜಮಾನ: ದಲ್ಲಾಳಿ ಹೇಳಿದ್ದು.

ಬೀಗರು: ನೀವು ಇಲ್ಲ ಅಂದಿರಾ?

ಬೀಗರು ದನಿ ತಗ್ಗಿಸಿ ಎಲ್ಲವನ್ನೂ ಹೇಳಿದರು. ತಮ್ಮ ಆಫೀಸು ಅಂದರೆ ಮನೆಯ ಹಜಾರದ ಒಂದು ಮೂಲೆ. ಕಾಗದಪತ್ರ ಎಲ್ಲ ಟೈಪ್ ಮಾಡುವವಳು ಅವರ ಹೆಂಡತಿಯೇ. ಲಾಂಡ್ರಿ ಎಂದು ಬರೆದುಕೊಟ್ಟರೆ ಅವಳ ಕಣ್ಣಿಗೆ ಬೀಳುತ್ತದೆ. ಮನೆಗೆ ಬಂದ ಹೊಸ ಸೊಸೆಗೆ ಮೊದಲ ವಾರವೇ ಚುಚ್ಚುಮಾತು ಬೇಡ ಎಂದು ಬಟ್ಟೆ ಅಂಗಡಿ ಎಂದೇ ಬರೆದರು. ಬರೆದ ಮೇಲೆ ಬಟ್ಟೆ ಅಂಗಡಿಯಲ್ಲಿ ಸರಕು ಇರಬೇಕಲ್ಲ, ದಲ್ಲಾಳಿ ಹೇಳಿದ್ದನ್ನೇ ನೆನಪುಮಾಡಿಕೊಂಡು ರೇಷ್ಮೆ, ಉಣ್ಣೆ ಎಲ್ಲ ಧಾರಾಳವಾಗಿ ತುಂಬಿಸಿದರು. ಬೇರೆ ಕಂಪನಿಗೆ ಹೋಗದೆ ಇದ್ದದ್ದೂ ಅದಕ್ಕೇ. ಹೊಸ ಕಂಪನಿಯಾದರೆ ಅಂಗಡಿ ನೋಡಲು ಜನ ಬರುತ್ತಾರೆ. ಬಂದವನು ರೇಷ್ಮೆ ಎಲ್ಲಿ ಎಂದು ಕೇಳಿದರೆ ಏನು ತೋರಿಸುವುದು?

ಬೀಗರು: ನಾನೂ ಸಾಚಾ ಅಲ್ಲ ಬೀಗರೇ. ಅದೇ ದಲ್ಲಾಳಿ ನಿಮಗೆ ನನ್ನನ್ನ ವಿಮೆ ಕಂಪನಿಯ ದೊಡ್ಡ ಆಫೀಸರ್ ಅಂತ ಹೇಳಿದ್ದನಲ್ಲ. ಆ ಕಂಪನಿಯ ಲಿಫ್ಟಿನವನೂ ನನ್ನನ್ನ ಗುರುತಿಸಲ್ಲ.

ಹೆಂಡತಿ ಒಬ್ಬರ ನಂತರ ಒಬ್ಬರನ್ನು ನೋಡಿದಳು. ಒಬ್ಬರು ಬಾಯಿ ಬಿಡಲಿಲ್ಲ ಅಂತ ಇನ್ನೊಬ್ಬರು ಬಿಡಲಿಲ್ಲ, ನಿಮ್ಮಿಬ್ಬರ ಮರ್ಯಾದೆಗೆ ನಾವು ಪ್ರೀಮಿಯಂ ಕಟ್ಟಿದೆವು ಎಂದಳು. ತುರುಬಿನಿಂದ ಪೆನ್ನು ಕಿತ್ತು ಮೇಜಿನ ಮೇಲೆ ಕುಕ್ಕಿದಳು. ಬೀಗರು ಮೆಲ್ಲಗೆ, ಈ ವರ್ಷವೊಂದು ಹೀಗೇ ಹೋಗಲಿ, ಸಂಜೆಗೆ ಪಾಲಿಸಿ ಕೈಗೆ ಬರುತ್ತದೆ, ಕಟ್ಟಡದ ಮಾಲೀಕ ಏನು ಓದಿ ನೋಡುತ್ತಾನೆಯೇ, ಇಷ್ಟು ದಿನ ಬೀಳದ ಬೆಂಕಿ ಈ ವರ್ಷ ಬೀಳುತ್ತದೆಯೇ, ಮುಂದಿನ ವರ್ಷ ನಿಧಾನವಾಗಿ ಸರಿಮಾಡೋಣ ಎಂದರು. ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ.

ಯಜಮಾನನಿಗೆ ಆ ಮಾತು ಜೇನಿನ ಹಾಗೆ ಇತ್ತು. ಸಹಿ ಹಾಕಿದರೆ ಮುಗಿಯಿತು, ಮಗಳು ಬಟ್ಟೆ ಅಂಗಡಿಯವರ ಮಗಳಾಗೇ ಇರುತ್ತಾಳೆ. ಪೆನ್ನು ಕೈಗೆ ತೆಗೆದುಕೊಂಡ. ಆದರೆ ಮೂಲೆಮನೆಯ ಮುದುಕಿಯ ಆ ಉಣ್ಣೆಕೋಟು ಎದುರಿಗೇ ತೂಗುತ್ತಿತ್ತು. ಅದನ್ನು ನೋಡಿಕೊಂಡು ಸಹಿ ಹಾಕುವುದು ಅವನಿಂದ ಆಗಲಿಲ್ಲ.

ಯಜಮಾನ: ಫೋನ್ ಹಚ್ಚಿ ಬೀಗರೇ.

ಬೀಗರು: ಯಾರಿಗೆ?

ಯಜಮಾನ: ನಿಮ್ಮ ಮನೆಯವರಿಗೆ. ನಾನೇ ಹೇಳ್ತೀನಿ.

ಬೀಗರು: ನಿಮಗೆ ಅವಳು ಗೊತ್ತಿಲ್ಲ.

ಯಜಮಾನ: ಗೊತ್ತಿರೋದಕ್ಕೇ ಬೇಗ ಹಚ್ಚಿ ಅಂದೆ. ಧೈರ್ಯ ಇನ್ನೂ ಸ್ವಲ್ಪ ಇದೆ.

ಬೀಗರು ನಂಬರ್ ಒತ್ತಿ, ಬಾಂಬು ಇಡುವವರ ಹಾಗೆ ಫೋನನ್ನು ಮೇಜಿನ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ಸರಿದರು. ಆ ಕಡೆ ಬೀಗಿತ್ತಿಯ ದನಿ, ಅದರ ಹಿಂದೆ ಮೊಮ್ಮಗನ ಅಳು. ಯಜಮಾನ ಎದ್ದು ನಿಂತ.

ಯಜಮಾನ: ಬೀಗಿತ್ತಿಯವರೇ, ನಾನು. ವಿಮೆ ಕಾಗದದಲ್ಲಿ ಒಂದು ತಪ್ಪಾಗಿದೆ. ಬಟ್ಟೆ ಅಂಗಡಿ ಅಂತ ಇದೆ. ಅದು ಬಟ್ಟೆ ಅಂಗಡಿ ಅಲ್ಲ. ನನ್ನದು ಲಾಂಡ್ರಿ. ಊರವರ ಬಟ್ಟೆ ಒಗೆದು ಇಸ್ತ್ರಿ ಮಾಡ್ತೀನಿ. ಮದುವೆ ಹೊತ್ತಿಗೇ ಹೇಳಬೇಕಿತ್ತು, ಹೇಳಲಿಲ್ಲ. ತಪ್ಪು ನನ್ನದು. ಮಗಳದ್ದೇನೂ ಇಲ್ಲ. ಅವಳನ್ನ ಏನೂ ಅನ್ನಬೇಡಿ.

ಬೀಗಿತ್ತಿ: ಅದಕ್ಕೇನೀಗ? ಗೊತ್ತಿರೋದೇ.

ಯಜಮಾನ: ಯಾರು ಹೇಳಿದರು?

ಬೀಗಿತ್ತಿ: ನಿಮ್ಮ ಮಗಳು. ಬಂದ ಮಾರನೇ ದಿನ. ಇವರ ಅಂಗಿಯ ಇಸ್ತ್ರಿ ನೋಡಿ, ‘ಅತ್ತೆ, ಇದನ್ನ ಯಾರು ಹೀಗೆ ಸುಟ್ಟಿದ್ದು, ಕೊಡಿ ಇಲ್ಲಿ’ ಅಂತ ಕಿತ್ಕೊಂಡಳು. ಇಷ್ಟು ಚೆನ್ನಾಗಿ ಎಲ್ಲಿ ಕಲಿತೆ ಅಂದೆ. ‘ನಮ್ಮಪ್ಪನದು ಲಾಂಡ್ರಿ, ಅಪ್ಪನ ಕೈಗೆ ಕೊಟ್ಟರೆ ಹೋಗದ ಕಲೆ ಇಲ್ಲ’ ಅಂದಳು. ಹೆಮ್ಮೆಯಿಂದ ಹೇಳಿದಳಪ್ಪ. ನಿಮಗ್ಯಾಕೆ ನಾಚಿಕೆ?

ಯಜಮಾನ ಮಗಳ ಮಾನ ಕಾಯುತ್ತಿದ್ದೇನೆ ಎಂದು ಇಷ್ಟು ವರ್ಷ ಬಾಯಿ ಹೊಲಿದುಕೊಂಡು ಕೂತಿದ್ದ. ಅವಳು ಮಾರನೇ ದಿನವೇ ಅದನ್ನೆಲ್ಲ ಕೊಡವಿ ಒಣಹಾಕಿದ್ದಳು. ನಾಚಿಕೊಂಡದ್ದು ತಾನೊಬ್ಬನೇ. ಕಣ್ಣು ತುಂಬಿಬಂತು. ಬಾಯ್ಲರಿನ ಹಬೆ ಎಂದು ಹೆಂಡತಿ ಬೀಗರಿಗೆ ಹೇಳಿದಳು.

ಬೀಗರು: ಲೇ, ಗೊತ್ತಿದ್ದ ಮೇಲೆ ಪ್ರತಿ ವರ್ಷ ಬಟ್ಟೆ ಅಂಗಡಿ ಅಂತ ಯಾಕೆ ಟೈಪ್ ಮಾಡಿದೆ?

ಬೀಗಿತ್ತಿ: ನೀವು ಬರೆದುಕೊಟ್ಟಿದ್ದು ಅದನ್ನೇ. ಏನೋ ವಿಮೆಯವರ ಲೆಕ್ಕಾಚಾರ, ನನಗ್ಯಾಕೆ ಅಂದುಕೊಂಡೆ. ನೀವು ಕಾಗದದಲ್ಲಿ ಬರೆಯೋದೆಲ್ಲ ನನಗೆ ಅರ್ಥವಾಗಿದ್ದರೆ ನಾನೇ ಬ್ರೋಕರ್ ಆಗ್ತಿದ್ದೆ. ಈಗ ಹೇಳಿ ಬೀಗರೇ, ಸರಿಮಾಡಿಬಿಡೋಣ. ಮಾರಾಟದ ರೇಷ್ಮೆ ಇದೆಯಾ?

ಯಜಮಾನ: ಇಲ್ಲ.

ಬೀಗಿತ್ತಿ: ತೆಗೆದೆ. ಉಣ್ಣೆ, ಸೂಟಿನ ಬಟ್ಟೆ?

ಯಜಮಾನ: ಅದೂ ಇಲ್ಲ. ಯಾವತ್ತೂ ಇರಲಿಲ್ಲ.

ಬೀಗಿತ್ತಿ: ತೆಗೆದೆ. ಬಾಯ್ಲರ್ ಸೇರಿಸ್ತೀನಿ, ಮೆಷಿನ್ ಸೇರಿಸ್ತೀನಿ, ಗಿರಾಕಿಗಳು ಬಿಟ್ಟುಹೋದ ಬಟ್ಟೆ ಅಂತ ಬೇರೆ ಸೇರಿಸ್ತೀನಿ. ರೇಟು ಎಷ್ಟು ಬರುತ್ತೆ ಅಂತ ಕಂಪನಿಯ ಕಂಪ್ಯೂಟರಿಗೆ ಹಾಕಿ ನೋಡ್ತೀನಿ. ತಾಳಿ.

ಆ ಕಡೆ ಟಕಟಕ ಶಬ್ದ. ಈ ಕಡೆ ಮೂವರೂ ಉಸಿರು ಹಿಡಿದು ಫೋನನ್ನೇ ನೋಡುತ್ತ ನಿಂತರು. ನಿಜ ಹೇಳಿದ್ದಾಯಿತು, ಇನ್ನು ಅದರ ರೇಟು ಕೇಳಬೇಕು. ಬಾಯ್ಲರ್ ಸೇರಿದ ಮೇಲೆ ಆಕಾಶಕ್ಕೇ ಏರುತ್ತದೆ ಎಂದು ಯಜಮಾನ ಮನಸ್ಸು ಗಟ್ಟಿಮಾಡಿಕೊಂಡ. ಬೀಗಿತ್ತಿ ಮೊತ್ತ ಹೇಳಿದಳು. ಅದು ಬೀಗರು ನಿನ್ನೆ ಹೇಳಿದ್ದಕ್ಕಿಂತ ಮಾತ್ರವಲ್ಲ, ಹೋದ ವರ್ಷ ಕಟ್ಟಿದ್ದಕ್ಕಿಂತಲೂ ಕಡಿಮೆ ಇತ್ತು. ಅಂಗಡಿಯಲ್ಲೇ ಇಲ್ಲದ ರಾಶಿ ರಾಶಿ ರೇಷ್ಮೆಗೆ ಬೆಂಕಿ ಬೀಳದಿರಲಿ ಎಂದು ಇವರು ವರ್ಷ ವರ್ಷ ದುಡ್ಡು ಸುರಿದಿದ್ದರು. ಮಧ್ಯಾಹ್ನ ಕಂಪನಿಯವನು ಬಂದು ನೋಡಿಕೊಂಡು ಹೋಗುತ್ತಾನೆ, ಸಂಜೆಯೊಳಗೆ ಕಾಗದ ಕೈಸೇರುತ್ತದೆ ಎಂದು ಬೀಗಿತ್ತಿ ಹೇಳಿದಳು.

ಹೆಂಡತಿ: ಬೀಗಿತ್ತಿಯವರೇ, ಇನ್ನೊಂದು ಮಾತು. ಇದರಲ್ಲಿ ನಿಮ್ಮ ಮನೆಯವರಿಗೆ ಎಷ್ಟು ಬರುತ್ತೆ?

ಬೀಗಿತ್ತಿ: ನೂರಕ್ಕೆ ಹದಿನೈದು. ಯಾಕೆ, ಇವರು ಎಷ್ಟು ಅಂದರು?

ಹೆಂಡತಿ: ಬಸ್ ಚಾರ್ಜು ಅಂದರು.

ಬೀಗಿತ್ತಿ: ಇವರು ಕೊನೇ ಸಲ ಬಸ್ ಹತ್ತಿದಾಗ ನಮ್ಮ ದೊಡ್ಡವನು ಹುಟ್ಟಿರಲಿಲ್ಲ.

ಫೋನ್ ಇಟ್ಟ ಮೇಲೆ ಬೀಗರು ಕುರ್ಚಿಯಲ್ಲಿ ಕೂತು ಮನಸ್ಸಿನಲ್ಲೇ ಲೆಕ್ಕ ಹಾಕತೊಡಗಿದರು. ನೂರು ಕಡಿಮೆಯಾದರೆ ಹದಿನೈದೂ ಕಡಿಮೆಯಾಗುತ್ತದಲ್ಲ. ಅವರ ಮುಖ ನೋಡಿ ಯಜಮಾನನಿಗೆ ನಗು ಬಂತು, ಬಂದ ನಗುವನ್ನು ಈ ಸಲ ಅವನು ತಡೆಯಲೂ ಇಲ್ಲ. ಹೋಗಲಿ ಬಿಡಿ ಬೀಗರೇ, ನಿಮಗೂ ಬೇಜಾರು, ನಮಗೂ ಬೇಜಾರು, ಈಗಲಾದರೂ ಲೆಕ್ಕ ಸರಿಹೋಯಿತು ಎಂದ. ಹೆಂಡತಿ ಹೊರಗೆ ಕೂಗಿ ಮೂರು ಕಾಫಿ ಹೇಳಿದಳು. ಕಾಫಿ ಬಂದು ಅರ್ಧ ಕುಡಿಯುವ ಹೊತ್ತಿಗೆ ಬೀಗರಿಗೂ ಸ್ವಲ್ಪ ಗೆಲುವಾಯಿತು.

ಬೀಗರು: ಮರೆತಿದ್ದೆ ನೋಡಿ. ನಮ್ಮ ಚಿಕ್ಕವನಿಗೆ ಒಂದು ಸಂಬಂಧ ಬಂದಿದೆ. ಹುಡುಗಿ ತುಂಬಾ ಲಕ್ಷಣವಾಗಿದ್ದಾಳೆ. ಅವರಪ್ಪನದು ದೊಡ್ಡ ಚಿನ್ನದ ಅಂಗಡಿಯಂತೆ.

ಯಜಮಾನ: ಬೀಗರೇ, ಆ ಅಂಗಡಿಗೆ ಮದುವೆಗೆ ಮುಂಚೇನೇ ವಿಮೆ ಮಾಡಿಸಿಬಿಡಿ. ಮದುವೆ ಆದಮೇಲೆ ನಿಜ ಬರೆಯೋಕೆ ನಿಮ್ಮ ಕೈಲಾಗಲ್ಲ.